ವಿದ್ಯುತ್ ಕಂಪೆನಿಯ ಷೇರನ್ನು ಹತ್ತು ವರ್ಷದ ತಕ್ಕಡಿಯಲ್ಲಿ ತೂಗುವುದು ಹೇಗೆ?

ನಮ್ಮ ಹಣಕಾಸು ಮಾತುಕತೆಯ ನೇರಪ್ರಸಾರಕ್ಕೆ ಇತ್ತೀಚೆಗೆ ಫೋನು ಮಾಡಿದ ವೀಕ್ಷಕರೊಬ್ಬರು ಕೇಳಿದ ಪ್ರಶ್ನೆ ಬಹಳ ಚಿಕ್ಕದು. "ನಾನು ನಿವೃತ್ತ ಉಪಾಧ್ಯಾಯ. ಗ್ರಾಚ್ಯುಟಿಯಿಂದ ಬಂದ ಹಣದಲ್ಲಿ ಒಂದು ಪಾಲನ್ನು ವಿದ್ಯುತ್ ಕಂಪೆನಿಯ ಷೇರಿನಲ್ಲಿ ಹಾಕೋಣ ಎಂದಿದ್ದೇನೆ. ಅದರ ಪಿ.ಇ. ಹದಿನೇಳು-ಹದಿನೆಂಟು ಇದೆಯಂತೆ. ಇದು ಸೋವಿಯೋ, ದುಬಾರಿಯೋ?" ಸ್ಟುಡಿಯೋದಲ್ಲಿದ್ದ ತಜ್ಞರು ಗಂಟಲು ಸರಿಪಡಿಸಿಕೊಂಡು ಎರಡು ಮಾತು ಆಡುವಷ್ಟರಲ್ಲಿ ನಮ್ಮ ಸಮಯ ಮುಗಿಯಿತು. ಪ್ರಶ್ನೆ ಕೇಳಿದವರು ಉಪಾಧ್ಯಾಯರು; ಅರ್ಧ ಉತ್ತರಕ್ಕೆ ಅಂಕ ಕೊಡುವವರಲ್ಲ. ಕಾರ್ಯಕ್ರಮದ ನಿರ್ಮಾಪಕನಾಗಿ ಉಳಿದರ್ಧವನ್ನು ಈ ಪುಟಗಳಲ್ಲಿ ಸಲ್ಲಿಸುವುದು ನನ್ನ ಹೊಣೆ ಎಂದುಕೊಂಡಿದ್ದೇನೆ.

ಮೊದಲೇ ಒಂದು ಮಾತು. ಇದು ಯಾವುದೇ ಷೇರನ್ನು ಕೊಳ್ಳಿ ಎಂದಾಗಲಿ, ಮಾರಿ ಎಂದಾಗಲಿ ಹೇಳುವ ಲೇಖನವಲ್ಲ. ತೂಗುವ ಒಂದು ಕ್ರಮವನ್ನು ತಿಳಿಸುವುದಷ್ಟೇ ಉದ್ದೇಶ. ಕಾಗದ, ಪೆನ್ಸಿಲ್ ಹಾಗೂ ಹೈಸ್ಕೂಲಿನ ಗಣಿತ ಇದ್ದರೆ ಸಾಕು.

ಒಂದು ವರ್ಷದ ಫಸಲು ನೋಡಿ ತೋಟ ಕೊಳ್ಳುವುದುಂಟೆ?

ಪಿ.ಇ. ಎಂದರೆ ಬೆಲೆ-ಗಳಿಕೆ ಅನುಪಾತ. ಒಂದು ಷೇರಿನ ಪೇಟೆಯ ಬೆಲೆಯನ್ನು, ಆ ಷೇರಿನ ಪಾಲಿಗೆ ಬರುವ ವಾರ್ಷಿಕ ಲಾಭದಿಂದ ಭಾಗಿಸಿದರೆ ಬರುವ ಸಂಖ್ಯೆ. ಷೇರಿನ ಬೆಲೆ 100 ರೂಪಾಯಿ, ತೆರಿಗೆ ಕಳೆದ ಲಾಭ ಷೇರೊಂದಕ್ಕೆ 5 ರೂಪಾಯಿ ಎಂದಾದರೆ ಪಿ.ಇ. 20. ಅಂದರೆ ವರ್ಷಕ್ಕೆ ಒಂದು ರೂಪಾಯಿ ಗಳಿಸುವ ಹಕ್ಕಿಗೆ ನಾವು ಇಪ್ಪತ್ತು ರೂಪಾಯಿ ತೆರುತ್ತಿದ್ದೇವೆ ಎಂದರ್ಥ.

ಲೆಕ್ಕ ಸುಲಭ, ತೊಡಕಿರುವುದು 'ವಾರ್ಷಿಕ ಲಾಭ' ಎಂಬ ಮಾತಿನಲ್ಲಿ. ಮಲೆನಾಡಿನಲ್ಲಿ ಅಡಿಕೆ ತೋಟ ಕೊಳ್ಳುವವರು ಹೋದ ವರ್ಷದ ಫಸಲೊಂದನ್ನೇ ನೋಡಿ ಬೆಲೆ ಕಟ್ಟುವುದಿಲ್ಲ. ಕೊಳೆರೋಗ ಬಂದ ವರ್ಷ ಎಷ್ಟು ಸಿಕ್ಕಿತು, ಒಳ್ಳೆಯ ವರ್ಷ ಎಷ್ಟು ಸಿಕ್ಕಿತು, ಸರಾಸರಿ ಏನು ಎಂದು ವಿಚಾರಿಸುತ್ತಾರೆ. ಕಂಪೆನಿಯ ಲಾಭವೂ ಹಾಗೆಯೇ. ಒಂದು ವರ್ಷ ಆಸ್ತಿ ಮಾರಿ ಬಂದ ಹಣ ಲಾಭದ ಪಟ್ಟಿಯಲ್ಲಿ ಸೇರಿರುತ್ತದೆ. ಇನ್ನೊಂದು ವರ್ಷ ಹಳೆಯ ಬಾಕಿಯನ್ನು ಮನ್ನಾ ಮಾಡಿ ಲಾಭ ಕುಸಿದಿರುತ್ತದೆ. ವಿಚಿತ್ರವೆಂದರೆ, ಲಾಭ ಅಸಹಜವಾಗಿ ಏರಿದ ವರ್ಷವೇ ಪಿ.ಇ. ಕಡಿಮೆಯಾಗಿ ಷೇರು ಸೋವಿಯೆಂದು ತೋರುತ್ತದೆ. ಲಾಭ ಬಿದ್ದ ವರ್ಷ ದುಬಾರಿಯೆಂದು ತೋರುತ್ತದೆ. ಅಳತೆ ತಲೆಕೆಳಗಾಗುತ್ತದೆ.

ಇದಕ್ಕೆ ಪರಿಹಾರ ಸೂಚಿಸಿದವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್. 1929ರ ಷೇರು ಪೇಟೆಯ ಕುಸಿತವನ್ನು ಕಣ್ಣಾರೆ ಕಂಡ ಈ ಇಬ್ಬರು 1934ರಲ್ಲಿ ಪ್ರಕಟಿಸಿದ 'ಸೆಕ್ಯುರಿಟಿ ಅನಾಲಿಸಿಸ್' ಗ್ರಂಥದಲ್ಲಿ, ಒಂದೇ ವರ್ಷದ ಲಾಭವನ್ನು ನೆಚ್ಚಬಾರದು, ಕನಿಷ್ಠ ಐದು ವರ್ಷಗಳ, ಸಾಧ್ಯವಾದರೆ ಏಳು ಅಥವಾ ಹತ್ತು ವರ್ಷಗಳ ಸರಾಸರಿಯನ್ನು ಹಿಡಿಯಬೇಕು ಎಂದು ಹೇಳಿದರು.

ಅಳತೆಗೋಲೇ ಕುಗ್ಗಿದರೆ?

ಹತ್ತು ವರ್ಷದ ಸರಾಸರಿ ಹಿಡಿದ ಕೂಡಲೇ ಮತ್ತೊಂದು ತೊಡಕು ಎದುರಾಗುತ್ತದೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯಲ್ಲಿ ಮೊದಲ ದಿನವೇ ಕಲಿಸುವ ಪಾಠ ಒಂದುಂಟು: ಬೇರೆ ಬೇರೆ ಮಾನದಲ್ಲಿ ಅಳೆದ ಅಳತೆಗಳನ್ನು ಕೂಡಿಸಬಾರದು. ಅಡಿಯಲ್ಲಿ ಅಳೆದ ಉದ್ದವನ್ನೂ ಮೀಟರಿನಲ್ಲಿ ಅಳೆದ ಉದ್ದವನ್ನೂ ಹಾಗೆಯೇ ಕೂಡಿಸಿದರೆ ಉತ್ತರಕ್ಕೆ ಅರ್ಥವಿಲ್ಲ. ಹತ್ತು ವರ್ಷದ ಹಿಂದಿನ ರೂಪಾಯಿ ಮತ್ತು ಇಂದಿನ ರೂಪಾಯಿ ಹೆಸರಿನಲ್ಲಿ ಒಂದೇ. ಕೊಳ್ಳುವ ಶಕ್ತಿಯಲ್ಲಿ ಬೇರೆ. ಹಣದುಬ್ಬರವೆಂದರೆ ನಮ್ಮ ಅಳತೆಗೋಲೇ ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತಾ ಹೋಗುವುದು.

ಆದ್ದರಿಂದ ಹಳೆಯ ವರ್ಷಗಳ ಲಾಭವನ್ನು ಮೊದಲು ಇಂದಿನ ರೂಪಾಯಿಗೆ ಪರಿವರ್ತಿಸಿ, ನಂತರ ಸರಾಸರಿ ತೆಗೆಯಬೇಕು. ಜಾನ್ ಕ್ಯಾಂಪ್‌ಬೆಲ್ ಮತ್ತು ರಾಬರ್ಟ್ ಶಿಲ್ಲರ್ ಎಂಬ ಅರ್ಥಶಾಸ್ತ್ರಜ್ಞರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಣದುಬ್ಬರ ಕಳೆದ ದೀರ್ಘಕಾಲದ ಸರಾಸರಿ ಗಳಿಕೆಯನ್ನು ಷೇರಿನ ಬೆಲೆಯೊಡನೆ ಹೋಲಿಸಿದರು. ಶಿಲ್ಲರ್ ಅವರ ಹೆಸರಿನೊಂದಿಗೇ ಈ ಅನುಪಾತ ಪ್ರಸಿದ್ಧವಾಯಿತು. ಅಮೆರಿಕದ ದೊಡ್ಡ ಕಂಪೆನಿಗಳ ಒಟ್ಟು ಲೆಕ್ಕದಲ್ಲಿ ಇದು 1982ರಲ್ಲಿ 7ರ ಆಸುಪಾಸಿಗೆ ಇಳಿದಿತ್ತು. 1999ರ ಕೊನೆಯಲ್ಲಿ 44ರ ಹತ್ತಿರಕ್ಕೆ ಏರಿತ್ತು. 2000ದಲ್ಲಿ ಪೇಟೆ ಕುಸಿಯಲಾರಂಭಿಸಿದ ಮೇಲೆ ಈ ಅಳತೆಯ ಮೇಲೆ ಜನರಿಗೆ ಗೌರವ ಹೆಚ್ಚಿತು. ಶಿಲ್ಲರ್ ಅವರಿಗೆ 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಇನ್ನಿಬ್ಬರೊಡನೆ ಹಂಚಿಕೆಯಾಯಿತು.

ಆದರೆ ಇದು ಇಡೀ ಪೇಟೆಯನ್ನು ಅಳೆಯಲು ರೂಢಿಗೆ ಬಂದ ಸಾಧನ. ಒಂದೇ ಒಂದು ಕಂಪೆನಿಗೆ, ಅದರಲ್ಲೂ ವಿದ್ಯುತ್ ಕಂಪೆನಿಗೆ, ಇದನ್ನು ಅನ್ವಯಿಸುವಾಗ ಆ ಕಂಪೆನಿಯ ಹೊಟ್ಟೆಯೊಳಗೆ ಲಾಭ ಹೇಗೆ ಹುಟ್ಟುತ್ತದೆ ಎಂಬುದನ್ನು ಅರಿತಿರಬೇಕು.

ಆಯೋಗ ನಿಗದಿ ಮಾಡುವ ಲಾಭ

ಸೋಪು ತಯಾರಿಸುವ ಕಂಪೆನಿ ಕಚ್ಚಾ ಮಾಲಿನ ಬೆಲೆ ಏರಿದರೆ ಸೋಪಿನ ಬೆಲೆ ಏರಿಸುತ್ತದೆ. ವಿದ್ಯುತ್ ಪ್ರಸರಣ ಕಂಪೆನಿಗೆ ಆ ಸ್ವಾತಂತ್ರ್ಯವಿಲ್ಲ. ಒಂದೇ ಮಾರ್ಗದಲ್ಲಿ ಎರಡು ಕಂಪೆನಿಗಳು ತಂತಿ ಎಳೆದು ಪೈಪೋಟಿ ನಡೆಸುವುದು ಸಾಧ್ಯವಿಲ್ಲವಾದ್ದರಿಂದ, ಇಂಥ ಏಕಸ್ವಾಮ್ಯದ ಸೇವೆಗಳಿಗೆ ನಿಯಂತ್ರಣ ಆಯೋಗ ದರ ನಿಗದಿ ಮಾಡುತ್ತದೆ. ಅಂತರರಾಜ್ಯ ಪ್ರಸರಣಕ್ಕೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಈ ಕೆಲಸ ಮಾಡುತ್ತಿದೆ.

ಆಯೋಗದ ಕ್ರಮ ಸ್ಥೂಲವಾಗಿ ಹೀಗಿದೆ. ಒಂದು ಪ್ರಸರಣ ಮಾರ್ಗಕ್ಕೆ 100 ಕೋಟಿ ರೂಪಾಯಿ ವೆಚ್ಚವಾಯಿತೆನ್ನಿ. ಅದರಲ್ಲಿ 70 ಕೋಟಿ ಸಾಲ, 30 ಕೋಟಿ ಷೇರುದಾರರ ಸ್ವಂತ ಬಂಡವಾಳ ಎಂದು ಹಿಡಿಯಲಾಗುತ್ತದೆ. ಸಾಲದ ಬಡ್ಡಿ, ಸವಕಳಿ, ನಿರ್ವಹಣಾ ವೆಚ್ಚ ಇವೆಲ್ಲ ದರದಲ್ಲಿ ಸೇರುತ್ತವೆ. ಸವಕಳಿಯ ಹಣದಿಂದ ಸಾಲ ತೀರುತ್ತಾ ಹೋಗುತ್ತದೆ. ಸ್ವಂತ ಬಂಡವಾಳದ ಮೇಲೆ ನಿಗದಿತ ಪ್ರತಿಫಲ ದೊರೆಯುತ್ತದೆ. 2004ರಿಂದ 2009ರ ಅವಧಿಗೆ ಇದು ಶೇಕಡಾ 14 ಇತ್ತು, 2009ರಿಂದ 2024ರವರೆಗೆ ಶೇಕಡಾ 15.5 ಮೂಲ ದರವಾಗಿತ್ತು. ತಂತಿಯಲ್ಲಿ ಎಷ್ಟು ವಿದ್ಯುತ್ ಹರಿಯಿತೆಂಬುದು ಇಲ್ಲಿ ಮುಖ್ಯವಲ್ಲ. ಮಾರ್ಗ ವರ್ಷವಿಡೀ ಸಜ್ಜಾಗಿತ್ತೆ ಎಂಬುದಷ್ಟೇ ಮುಖ್ಯ.

30 ಕೋಟಿಗೆ ಶೇಕಡಾ 15.5ರಂತೆ ವರ್ಷಕ್ಕೆ 4 ಕೋಟಿ 65 ಲಕ್ಷ. ಇದೇ ಆ ಮಾರ್ಗದಿಂದ ಷೇರುದಾರರಿಗೆ ಸಿಗುವ ಲಾಭ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನೌಕರರ ಸಂಬಳ, ದುರಸ್ತಿ ಮೊದಲಾದ ನಿರ್ವಹಣಾ ವೆಚ್ಚಕ್ಕೆ ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚಳ ಉಂಟು. ಆದರೆ ಪ್ರತಿಫಲವನ್ನು ಲೆಕ್ಕ ಹಾಕುವ ಆ 30 ಕೋಟಿ ಮಾತ್ರ ಮಾರ್ಗ ಕಟ್ಟಿದ ವರ್ಷದ ರೂಪಾಯಿಯಲ್ಲೇ ನಿಂತುಬಿಡುತ್ತದೆ. ಹತ್ತು ವರ್ಷ ಕಳೆಯಲಿ, ಇಪ್ಪತ್ತು ವರ್ಷ ಕಳೆಯಲಿ, ಅದೇ 4 ಕೋಟಿ 65 ಲಕ್ಷ. ಹಣದುಬ್ಬರ ವರ್ಷಕ್ಕೆ ಶೇಕಡಾ 5 ಇದ್ದರೆ ಹದಿನಾಲ್ಕು ವರ್ಷಗಳಲ್ಲಿ ಇದರ ಕೊಳ್ಳುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಇಪ್ಪತ್ತೆಂಟು ವರ್ಷಗಳಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ.

ನಮ್ಮ ಕೋಲಾರದ ಉದಾಹರಣೆಯನ್ನೇ ನೋಡಿ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಸುಮಾರು 1,370 ಕಿಲೋಮೀಟರ್ ಉದ್ದದ ಏಕಮುಖ ವಿದ್ಯುತ್ ಪ್ರಸರಣ ಮಾರ್ಗವನ್ನು ಪವರ್ ಗ್ರಿಡ್ ಕಾರ್ಪೊರೇಷನ್ 2003ರಲ್ಲಿ ಚಾಲನೆಗೊಳಿಸಿತು. ಅಂದಿನಿಂದ 2025ರವರೆಗೆ ದೇಶದ ಗ್ರಾಹಕ ಬೆಲೆಗಳು ಮೂರೂವರೆ ಪಟ್ಟಿಗೂ ಮಿಕ್ಕಿ ಏರಿವೆ. ಆ ಮಾರ್ಗಕ್ಕೆ ಅಂದು ತೊಡಗಿಸಿದ ಬಂಡವಾಳ ಮಾತ್ರ ಪುಸ್ತಕದಲ್ಲಿ ಅಂದಿನ ರೂಪಾಯಿಯಲ್ಲೇ ಇದೆ.

ಹೀಗಾಗಿ ಹಳೆಯ ಮಾರ್ಗವೊಂದರ ಲಾಭ, ಸ್ಥಿರ ಬಡ್ಡಿಯ ಬಾಂಡಿನಂತೆ ವರ್ತಿಸುತ್ತದೆ. ಕಂಪೆನಿಯ ಒಟ್ಟು ಲಾಭ ಹಣದುಬ್ಬರವನ್ನು ಮೀರಿ ಬೆಳೆಯಬೇಕಾದರೆ ಹೊಸ ಹೊಸ ಮಾರ್ಗಗಳಿಗೆ ಬಂಡವಾಳ ಹಾಕುತ್ತಲೇ ಇರಬೇಕು. ವಿದ್ಯುತ್ ಕಂಪೆನಿಯ ಗಳಿಕೆಯನ್ನು ಹಣದುಬ್ಬರ ಕಳೆದು ನೋಡಬೇಕೆನ್ನುವುದಕ್ಕೆ ಇದೇ ಮುಖ್ಯ ಕಾರಣ. ಉಕ್ಕು, ಸಕ್ಕರೆ ಕಂಪೆನಿಗಳಿಗೆ ಹತ್ತು ವರ್ಷದ ಸರಾಸರಿ ಬೇಕಾಗುವುದು ಲಾಭದ ಏರಿಳಿತವನ್ನು ಸಮ ಮಾಡಲು. ವಿದ್ಯುತ್ ಕಂಪೆನಿಯ ಲಾಭದಲ್ಲಿ ಏರಿಳಿತ ಕಡಿಮೆ; ಇಲ್ಲಿ ನಾವು ಹುಡುಕುತ್ತಿರುವುದು ಕಣ್ಣಿಗೆ ಕಾಣದ ಸೋರಿಕೆಯನ್ನು.

ಲೆಕ್ಕ ಮಾಡಿ ನೋಡೋಣ

ಪವರ್ ಗ್ರಿಡ್ ಕೇಂದ್ರ ಸರ್ಕಾರ 1989ರಲ್ಲಿ ಸ್ಥಾಪಿಸಿದ ಸಂಸ್ಥೆ. 2007ರಲ್ಲಿ ಷೇರೊಂದಕ್ಕೆ 52 ರೂಪಾಯಿಯಂತೆ ಸಾರ್ವಜನಿಕರಿಗೆ ಷೇರು ನೀಡಿತು. 2013ರ ಡಿಸೆಂಬರ್ 31ರಂದು ಅದರ ರಾಯಚೂರು-ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಒಂದಾಯಿತು. ನಮಗೆ ಪರಿಚಯದ ಹೆಸರಾದ್ದರಿಂದ ಮತ್ತು ಅದರ ಲೆಕ್ಕಪತ್ರಗಳು ಬಹಿರಂಗವಾಗಿ ದೊರೆಯುವುದರಿಂದ ಇದನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಮೊದಲ ಹೆಜ್ಜೆ, ಷೇರುಗಳ ಸಂಖ್ಯೆ. 2021ರಲ್ಲಿಯೂ 2023ರಲ್ಲಿಯೂ ಕಂಪೆನಿ ಮೂರು ಷೇರಿಗೆ ಒಂದರಂತೆ ಬೋನಸ್ ಷೇರು ಕೊಟ್ಟಿತು. ಹೀಗೆ 523 ಕೋಟಿ ಇದ್ದ ಷೇರುಗಳು 930 ಕೋಟಿ ಆದವು. ಬೋನಸ್ ಎಂದರೆ ಒಂದೇ ದೋಸೆಯನ್ನು ಹೆಚ್ಚು ತುಂಡು ಮಾಡಿದಂತೆ, ದೋಸೆ ದೊಡ್ಡದಾಗುವುದಿಲ್ಲ. ಆದ್ದರಿಂದ ಹಳೆಯ ವರ್ಷಗಳ ಒಟ್ಟು ಲಾಭವನ್ನೂ ಇಂದಿನ 930 ಕೋಟಿ ಷೇರುಗಳಿಂದಲೇ ಭಾಗಿಸಬೇಕು. ಇದನ್ನು ಮರೆತವರು ಹಳೆಯ ವಾರ್ಷಿಕ ವರದಿಯಲ್ಲಿ ಅಚ್ಚಾದ ಷೇರುವಾರು ಗಳಿಕೆಯನ್ನು ಹಾಗೆಯೇ ಎತ್ತಿಕೊಂಡು ತಪ್ಪು ಉತ್ತರ ಪಡೆಯುತ್ತಾರೆ.

ಎರಡನೆಯ ಹೆಜ್ಜೆ, ಬೆಲೆ ಸೂಚ್ಯಂಕ. ಗ್ರಾಹಕ ಬೆಲೆಗಳ ಏರಿಕೆ 2024-25ರಲ್ಲಿ ಶೇಕಡಾ 4.6, 2023-24ರಲ್ಲಿ 5.4, 2022-23ರಲ್ಲಿ 6.7. ಇದನ್ನು ಹಿಂದು ಹಿಂದಕ್ಕೆ ಗುಣಿಸುತ್ತಾ ಹೋಗಬೇಕು. 2023-24ರ ಒಂದು ರೂಪಾಯಿ 2024-25ರ 1.046 ರೂಪಾಯಿಗೆ ಸಮ. 2022-23ರ ಒಂದು ರೂಪಾಯಿ 1.046 ಗುಣಿಸು 1.054, ಅಂದರೆ 1.10 ರೂಪಾಯಿಗೆ ಸಮ. ಹೀಗೆ ಹೋದರೆ 2015-16ರ ಒಂದು ರೂಪಾಯಿ ಸುಮಾರು 1.55 ರೂಪಾಯಿಗೆ ಸಮವಾಗುತ್ತದೆ.

ಮೂರನೆಯ ಹೆಜ್ಜೆ, ಪಟ್ಟಿ. ಅಧೀನ ಕಂಪೆನಿಗಳನ್ನು ಬಿಟ್ಟು ಮೂಲ ಕಂಪೆನಿಯೊಂದರ ತೆರಿಗೆ ಕಳೆದ ಲಾಭವನ್ನು ಕೆಳಗೆ ಕೊಟ್ಟಿದೆ. ಅಂಕಿಗಳೆಲ್ಲ ಕೋಟಿ ರೂಪಾಯಿಗಳಲ್ಲಿ, ಹತ್ತಿರದ ಹತ್ತಕ್ಕೆ ಸರಿಪಡಿಸಿದವು. ಮೊದಲನೆಯದು ಆ ವರ್ಷದ ರೂಪಾಯಿಯಲ್ಲಿ, ಎರಡನೆಯದು 2024-25ರ ರೂಪಾಯಿಯಲ್ಲಿ.

2015-16: 6,030 – 9,320
2016-17: 7,520 – 11,130
2017-18: 8,240 – 11,770
2018-19: 9,940 – 13,730
2019-20: 10,810 – 14,250
2020-21: 11,940 – 14,810
2021-22: 17,090 – 20,100
2022-23: 15,330 – 16,900
2023-24: 15,480 – 16,190
2024-25: 15,350 – 15,350

ಎರಡನೆಯ ಸಾಲಿನ ಮೊತ್ತ 1,43,550. ಹತ್ತರಿಂದ ಭಾಗಿಸಿದರೆ ವರ್ಷಕ್ಕೆ ಸರಾಸರಿ 14,355 ಕೋಟಿ. 930 ಕೋಟಿ ಷೇರುಗಳಿಗೆ ಹಂಚಿದರೆ ಷೇರೊಂದಕ್ಕೆ 15 ರೂಪಾಯಿ 40 ಪೈಸೆ. 2025ರ ಮಾರ್ಚ್ ಕೊನೆಗೆ ಈ ಷೇರಿನ ಬೆಲೆ ಸುಮಾರು 290 ರೂಪಾಯಿ ಇತ್ತು. 290ನ್ನು 15.4ರಿಂದ ಭಾಗಿಸಿದರೆ 18.8. ಇದೇ ಹತ್ತು ವರ್ಷದ, ಹಣದುಬ್ಬರ ಕಳೆದ ಪಿ.ಇ.

ಹೋಲಿಕೆಗಾಗಿ ಇನ್ನೆರಡು ಲೆಕ್ಕ. 2024-25ರ ಲಾಭವೊಂದನ್ನೇ ಹಿಡಿದರೆ ಷೇರೊಂದಕ್ಕೆ 16 ರೂಪಾಯಿ 50 ಪೈಸೆ, ಪಿ.ಇ. 17.6. ಹಣದುಬ್ಬರವನ್ನು ಲೆಕ್ಕಿಸದೆ ಮೊದಲ ಸಾಲಿನ ಬರಿಯ ಸರಾಸರಿ ಹಿಡಿದರೆ ಷೇರೊಂದಕ್ಕೆ 12 ರೂಪಾಯಿ 70 ಪೈಸೆ, ಪಿ.ಇ. ಸುಮಾರು 23. ಕಂಪೆನಿಯೂ ಒಂದೇ, ಬೆಲೆಯೂ ಒಂದೇ; ಅಳತೆಗೋಲು ಬದಲಾದಂತೆ ಉತ್ತರ 17.6ರಿಂದ 23ರವರೆಗೆ ಓಡಾಡುತ್ತದೆ. ಯಾರಾದರೂ ಪಿ.ಇ. ಇಷ್ಟು ಎಂದು ಹೇಳಿದಾಗ, ಯಾವ ಗಳಿಕೆಯ ಮೇಲೆ ಎಂದು ಕೇಳುವ ಹಕ್ಕು ನಮಗಿದೆ.

ಪಟ್ಟಿ ಹೇಳುವ ಕಥೆ

ನನ್ನ ಅಭಿಪ್ರಾಯದಲ್ಲಿ 18.8 ಎಂಬ ಉತ್ತರಕ್ಕಿಂತ, ಉತ್ತರಕ್ಕಾಗಿ ಬರೆದ ಪಟ್ಟಿಯೇ ಹೆಚ್ಚು ಬೆಲೆಬಾಳುವುದು. ಅದನ್ನು ನಿಧಾನವಾಗಿ ಓದಿ.

ಮೊದಲನೆಯದಾಗಿ, 2021-22ರ ಉಬ್ಬು. ಆ ವರ್ಷ ಮೇ ತಿಂಗಳಲ್ಲಿ ಕಂಪೆನಿಯು ತನ್ನ ಐದು ಪ್ರಸರಣ ಘಟಕಗಳಲ್ಲಿ ಶೇಕಡಾ 74ರಷ್ಟು ಪಾಲನ್ನು ಹೊಸದಾಗಿ ರಚಿಸಿದ ಮೂಲಸೌಕರ್ಯ ಹೂಡಿಕೆ ಟ್ರಸ್ಟಿಗೆ ವರ್ಗಾಯಿಸಿತು. ಅದರಿಂದ ಬಂದ ಲಾಭ ಒಂದು ಬಾರಿಯದು. ತೋಟದ ಒಂದು ಮೂಲೆಯನ್ನು ಮಾರಿ ಬಂದ ಹಣವನ್ನು ಫಸಲಿನ ಜೊತೆ ಸೇರಿಸಿ ಬರೆದಂತೆ. ಆ ವರ್ಷದ ಲಾಭವೊಂದನ್ನೇ ಹಿಡಿದವರಿಗೆ ಷೇರು ಬಹಳ ಸೋವಿಯಾಗಿ ಕಂಡಿರುತ್ತದೆ. ಹತ್ತು ವರ್ಷದ ಸರಾಸರಿಯಲ್ಲಿ ಅದರ ತೂಕ ಹತ್ತರಲ್ಲಿ ಒಂದು ಪಾಲು ಮಾತ್ರ. ಆ ವರ್ಷಕ್ಕೆ ಹಿಂದಿನ ಮತ್ತು ಮುಂದಿನ ವರ್ಷಗಳ ನಡುವಣ ಅಂಕಿಯನ್ನು ಹಾಕಿ ಲೆಕ್ಕ ಮಾಡಿದರೂ 18.8 ಇದ್ದದ್ದು 19.4 ಆಗುತ್ತದೆ, ಅಷ್ಟೇ.

ಎರಡನೆಯದಾಗಿ, ಕೊನೆಯ ಮೂರು ವರ್ಷಗಳು. ಮೊದಲ ಸಾಲಿನಲ್ಲಿ 15,330, 15,480, 15,350. ನೀರು ನಿಂತ ಕೆರೆಯಂತೆ ಸಮತಟ್ಟು. ಎರಡನೆಯ ಸಾಲಿನಲ್ಲಿ 16,900, 16,190, 15,350, ಇದು ಇಳಿಜಾರು. ಎರಡು ವರ್ಷಗಳಲ್ಲಿ ನಿಜವಾದ ಗಳಿಕೆ ಶೇಕಡಾ 9ರಷ್ಟು ಕರಗಿದೆ. ಪತ್ರಿಕೆಯಲ್ಲಿ 'ಲಾಭ ಸ್ಥಿರ' ಎಂಬ ಶೀರ್ಷಿಕೆ ಬರುವ ಜಾಗದಲ್ಲಿ ನಮ್ಮ ಪಟ್ಟಿ 'ಲಾಭ ಇಳಿಕೆ' ಎನ್ನುತ್ತದೆ. ನಾನು ಮೇಲೆ ಹೇಳಿದ ಸೋರಿಕೆ ಇದೇ. ಹಳೆಯ ಮಾರ್ಗಗಳ ಪ್ರತಿಫಲ ಕರಗುವ ವೇಗಕ್ಕೆ ಸಮನಾಗಿ ಹೊಸ ಮಾರ್ಗಗಳು ಈ ಮೂಲ ಕಂಪೆನಿಯ ಲಾಭಕ್ಕೆ ಸೇರದಿದ್ದರೆ ಹೀಗಾಗುತ್ತದೆ. ಸ್ಪರ್ಧಾತ್ಮಕ ಹರಾಜಿನಲ್ಲಿ ಗೆದ್ದ ಮಾರ್ಗಗಳು ಬಹುಮಟ್ಟಿಗೆ ಅಧೀನ ಕಂಪೆನಿಗಳಲ್ಲಿರುವುದರಿಂದ, ಆಸಕ್ತರು ಒಟ್ಟುಗೂಡಿಸಿದ ಲೆಕ್ಕಪತ್ರವನ್ನೂ ಇದೇ ಕ್ರಮದಲ್ಲಿ ಪರೀಕ್ಷಿಸಬಹುದು.

ಮೂರನೆಯದಾಗಿ, ಮೊದಲ ಐದು ವರ್ಷಗಳಿಗೂ ನಂತರದ ಐದು ವರ್ಷಗಳಿಗೂ ಇರುವ ಅಂತರ. ಮೊದಲ ಐದರ ಸರಾಸರಿ 12,040 ಕೋಟಿ, ನಂತರದ ಐದರ ಸರಾಸರಿ 16,670 ಕೋಟಿ. ಹಣದುಬ್ಬರ ಕಳೆದೂ ಶೇಕಡಾ 38ರಷ್ಟು ಏರಿಕೆ. ಇದು ಬಿಟ್ಟಿ ಬಂದ ಏರಿಕೆಯಲ್ಲ. ಷೇರುದಾರರಿಗೆ ಹಂಚದೆ ಉಳಿಸಿಕೊಂಡ ಲಾಭವನ್ನೂ ಸಾಲವನ್ನೂ ಸೇರಿಸಿ ಹೊಸ ಮಾರ್ಗ ಕಟ್ಟಿದ್ದರ ಫಲ. ಹೀಗೆ ಬೆಳೆಯುತ್ತಿರುವ ಕಂಪೆನಿಗೆ ಹತ್ತು ವರ್ಷದ ಸರಾಸರಿ ಸ್ವಲ್ಪ ಅನ್ಯಾಯ ಮಾಡುತ್ತದೆ. ಚಿಕ್ಕದಾಗಿದ್ದ ಕಾಲದ ಲಾಭವನ್ನೂ ಎಳೆದು ತರುತ್ತದೆ. ಆದ್ದರಿಂದ ಈ ಅನುಪಾತ ತೀರ್ಪಲ್ಲ, ಸಾಕ್ಷಿ ಮಾತ್ರ.

ಕೈಗೆ ಬರುವುದೆಷ್ಟು?

ಪಿ.ಇ.ಯನ್ನು ತಲೆಕೆಳಗು ಮಾಡಿದರೆ ಗಳಿಕೆಯ ದರ ಸಿಗುತ್ತದೆ. 15.4ನ್ನು 290ರಿಂದ ಭಾಗಿಸಿದರೆ ಶೇಕಡಾ 5.3. ಇದು ಹಣದುಬ್ಬರ ಕಳೆದ ಗಳಿಕೆಯಾದ್ದರಿಂದ, ಹಣದುಬ್ಬರ ಕಳೆದ ಇತರ ಪ್ರತಿಫಲಗಳೊಡನೆಯೇ ಹೋಲಿಸಬೇಕು. 2025ರ ಮಾರ್ಚ್‌ನಲ್ಲಿ ಹತ್ತು ವರ್ಷದ ಸರ್ಕಾರಿ ಬಾಂಡಿನ ಪ್ರತಿಫಲ ಸುಮಾರು ಶೇಕಡಾ 6.6. ಆ ವರ್ಷದ ಹಣದುಬ್ಬರ 4.6 ಕಳೆದರೆ ಉಳಿಯುವುದು 2. ಷೇರಿನ 5.3ಕ್ಕೂ ಬಾಂಡಿನ 2ಕ್ಕೂ ನಡುವಿನ ವ್ಯತ್ಯಾಸವೇ ಷೇರಿನ ಅಪಾಯವನ್ನು ಹೊತ್ತುಕೊಳ್ಳುವುದಕ್ಕೆ ದೊರೆಯುವ ಕೂಲಿ.

ಆದರೆ 5.3 ಪೂರ್ತಿಯಾಗಿ ಕೈಗೆ ಬರುವುದಿಲ್ಲ. 2024-25ಕ್ಕೆ ಕಂಪೆನಿ ಷೇರೊಂದಕ್ಕೆ 9 ರೂಪಾಯಿ ಲಾಭಾಂಶ ಕೊಟ್ಟಿತು. 290ರ ಮೇಲೆ ಇದು ಶೇಕಡಾ 3.1. ಉಳಿದ ಏಳೂವರೆ ರೂಪಾಯಿ ಕಂಪೆನಿಯಲ್ಲೇ ಉಳಿಯಿತು. ಆ ಏಳೂವರೆ ರೂಪಾಯಿ ಹೊಸ ಮಾರ್ಗಗಳಲ್ಲಿ ಶೇಕಡಾ 15ರಂತೆ ದುಡಿದರೆ ಮುಂದೆ ವರ್ಷಕ್ಕೆ 1 ರೂಪಾಯಿ 13 ಪೈಸೆ ಹೆಚ್ಚು ಗಳಿಕೆ. 16.50ರ ಮೇಲೆ ಇದು ಶೇಕಡಾ 7ರ ಬೆಳವಣಿಗೆ, 4.6ರ ಹಣದುಬ್ಬರ ಕಳೆದರೆ ಎರಡೂಕಾಲರ ಸುಮಾರು. 3.1ರ ಲಾಭಾಂಶಕ್ಕೆ ಇದನ್ನು ಸೇರಿಸಿದರೆ 5.3ರ ಹತ್ತಿರವೇ ಬರುತ್ತದೆ. ಎರಡು ದಾರಿ ಹಿಡಿದು ಹೊರಟವರು ಒಂದೇ ಊರು ತಲುಪಿದ್ದೇವೆ.

ಈ ಎರಡನೆಯ ದಾರಿಯಲ್ಲಿ ಒಂದು 'ದುಡಿದರೆ' ಇದೆ ಎಂಬುದನ್ನು ಮರೆಯಬಾರದು. ತಂತಿ ಎಳೆಯಲು ಜಮೀನಿನ ಹಕ್ಕು ಸಿಗುವುದು ತಡವಾದರೆ, ಅರಣ್ಯ ಇಲಾಖೆಯ ಒಪ್ಪಿಗೆ ತಡವಾದರೆ, ಉಳಿಸಿಕೊಂಡ ಹಣ ಅರ್ಧ ಕಟ್ಟಿದ ಗೋಪುರಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಚಾಲನೆಗೊಳ್ಳುವವರೆಗೆ ಅದಕ್ಕೆ ಪ್ರತಿಫಲವಿಲ್ಲ. ಕೊನೆಯ ಮೂರು ವರ್ಷಗಳಂತೆ ಲಾಭ ಸಮತಟ್ಟಾಗಿಯೇ ಉಳಿದು, ಷೇರಿನ ಬೆಲೆಯೂ ಅಲ್ಲೇ ನಿಂತರೆ, ಹೂಡಿದವರ ಕೈಗೆ ಸಿಗುವುದು 3.1 ಮಾತ್ರ. ಅದು 2024-25ರ ಹಣದುಬ್ಬರಕ್ಕಿಂತ ಕಡಿಮೆ.

ನ್ಯೂಯಾರ್ಕಿನ ಪಾಠ

ಹತ್ತು ವರ್ಷದ ಚರಿತ್ರೆ ಮುಂದಿನ ವರ್ಷಕ್ಕೆ ಜಾಮೀನು ಕೊಡುವುದಿಲ್ಲ ಎಂಬುದಕ್ಕೆ ಪ್ರಸಿದ್ಧವಾದ ನಿದರ್ಶನವೊಂದಿದೆ. ನ್ಯೂಯಾರ್ಕ್ ನಗರಕ್ಕೆ ವಿದ್ಯುತ್ ಪೂರೈಸುವ ಕನ್ಸಾಲಿಡೇಟೆಡ್ ಎಡಿಸನ್ ಕಂಪೆನಿ 1885ರಿಂದ ಒಂದು ವರ್ಷವೂ ತಪ್ಪದೆ ಲಾಭಾಂಶ ಕೊಡುತ್ತಾ ಬಂದಿತ್ತು. ಎರಡು ಮಹಾಯುದ್ಧಗಳು, 1930ರ ದಶಕದ ಆರ್ಥಿಕ ಮುಗ್ಗಟ್ಟು, ಯಾವುದೂ ಅದನ್ನು ತಡೆದಿರಲಿಲ್ಲ. ಪಿಂಚಣಿದಾರರು, ವಿಧವೆಯರು ನೆಚ್ಚಿಕೊಳ್ಳುವ ಷೇರು ಎಂದೇ ಇಂಥ ಕಂಪೆನಿಗಳಿಗೆ ಹೆಸರು.

1973ರ ಅಕ್ಟೋಬರ್‌ನಿಂದ 1974ರ ಜನವರಿಯ ನಡುವೆ ಕಚ್ಚಾ ತೈಲದ ಬೆಲೆ ಪೀಪಾಯಿಗೆ 3 ಡಾಲರಿನ ಆಸುಪಾಸಿನಿಂದ 12 ಡಾಲರಿನ ಹತ್ತಿರಕ್ಕೆ ಏರಿತು. ಕಂಪೆನಿ ತೈಲವನ್ನು ಬಹಳವಾಗಿ ಅವಲಂಬಿಸಿತ್ತು. ಹಣದುಬ್ಬರ, ಬಡ್ಡಿ ಎರಡೂ ಏರುತ್ತಿದ್ದವು. ವೆಚ್ಚ ಇಂದು ಏರಿದರೆ ದರ ಏರಿಸಲು ಆಯೋಗದ ಒಪ್ಪಿಗೆ ಸಿಗುವುದು ತಿಂಗಳುಗಳ ನಂತರ. ಬಿಲ್ಲು ದುಬಾರಿಯಾದಂತೆ ಗ್ರಾಹಕರ ಬಾಕಿಯೂ ಬೆಳೆಯಿತು. 1974ರ ಏಪ್ರಿಲ್‌ನಲ್ಲಿ ಕಂಪೆನಿ ತನ್ನ ತ್ರೈಮಾಸಿಕ ಲಾಭಾಂಶವನ್ನು ನಿಲ್ಲಿಸಿತು. ಎಂಬತ್ತೊಂಬತ್ತು ವರ್ಷಗಳ ಸಂಪ್ರದಾಯ ಒಂದು ಸಭೆಯಲ್ಲಿ ಮುರಿದುಬಿತ್ತು. ಷೇರಿನ ಬೆಲೆ ಕುಸಿಯಿತು. ದೇಶದ ಇತರ ವಿದ್ಯುತ್ ಕಂಪೆನಿಗಳ ಷೇರುಗಳೂ ನಡುಗಿದವು. ಕಟ್ಟುತ್ತಿದ್ದ ಎರಡು ವಿದ್ಯುತ್ ಸ್ಥಾವರಗಳನ್ನು ನ್ಯೂಯಾರ್ಕ್ ರಾಜ್ಯದ ವಿದ್ಯುತ್ ಪ್ರಾಧಿಕಾರ ಕೊಂಡುಕೊಂಡು ನೆರವಾಯಿತು.

1974ರ ಮಾರ್ಚ್‌ನಲ್ಲಿ ಯಾರಾದರೂ ಹತ್ತು ವರ್ಷದ ಸರಾಸರಿ ತೆಗೆದಿದ್ದರೆ, ಏಪ್ರಿಲ್‌ನಲ್ಲಿ ಏನು ಕಾದಿದೆ ಎಂಬುದು ಅದರಲ್ಲಿ ಕಾಣುತ್ತಿರಲಿಲ್ಲ. ಸರಾಸರಿ ನಡೆದು ಬಂದ ದಾರಿಯನ್ನು ತೋರಿಸುತ್ತದೆಯೇ ಹೊರತು ಮುಂದಿನ ತಿರುವನ್ನಲ್ಲ. ಕಥೆಯ ಇನ್ನೊಂದು ಮುಖವನ್ನೂ ಹೇಳಬೇಕು: ಅದೇ ಕಂಪೆನಿ ಚೇತರಿಸಿಕೊಂಡು, ಆ ನಂತರದ ಐವತ್ತು ವರ್ಷ ಪ್ರತಿ ವರ್ಷವೂ ಲಾಭಾಂಶವನ್ನು ಏರಿಸುತ್ತಾ ಬಂದಿದೆ. ಹೆದರಿ ತಳಮಟ್ಟದ ಬೆಲೆಗೆ ಮಾರಿದವರು ಎರಡು ಸಲ ಸೋತರು.

ನಮ್ಮ ಪ್ರಸರಣ ಕಂಪೆನಿಗೆ ಇಂಧನ ಕೊಳ್ಳುವ ತಾಪತ್ರಯವಿಲ್ಲ. ಆದರೆ ಅದರ ಸೇವೆ ಪಡೆಯುವವರು ರಾಜ್ಯಗಳ ವಿದ್ಯುತ್ ಸಂಸ್ಥೆಗಳು. ಅವು ಹಣ ಕೊಡುವುದು ತಡ ಮಾಡಿದರೆ ಪುಸ್ತಕದ ಲಾಭ ಪುಸ್ತಕದಲ್ಲೇ ಇರುತ್ತದೆ. ಬಾಕಿ ವಸೂಲಿಗಾಗಿ ಕೇಂದ್ರ ಸರ್ಕಾರ 2022ರಲ್ಲಿ ಪ್ರತ್ಯೇಕ ನಿಯಮಗಳನ್ನೇ ತರಬೇಕಾಯಿತು. ಹಾಗೆಯೇ ಐದು ವರ್ಷಕ್ಕೊಮ್ಮೆ ಆಯೋಗ ಪ್ರತಿಫಲದ ದರವನ್ನು ಪುನರ್‌ವಿಮರ್ಶಿಸುತ್ತದೆ. 15.5 ಎಂಬುದು ಶಾಸನವಲ್ಲ, ಆದೇಶ.

ಉಪಾಧ್ಯಾಯರಿಗೆ ಉತ್ತರ

ಇನ್ನು ಮೊದಲ ಪ್ರಶ್ನೆಗೆ ಬರೋಣ. ಹದಿನೇಳೂವರೆ ಸೋವಿಯೋ, ದುಬಾರಿಯೋ?

ಆ ಸಂಖ್ಯೆಯೊಂದರಿಂದಲೇ ಹೇಳಲಾಗದು. ಅಮೆರಿಕದ ಪೇಟೆಯ ದೀರ್ಘಕಾಲದ ಸರಾಸರಿ 17ರ ಆಸುಪಾಸು ಎಂದು ಓದಿ, ಅದಕ್ಕೆ ಇದನ್ನು ಹೋಲಿಸುವುದೂ ತಪ್ಪು. ಅದು ನೂರಾರು ಬಗೆಯ ಕಂಪೆನಿಗಳ ಮಿಶ್ರಣದ ಅಂಕಿ. ಇದು ಆಯೋಗದ ಕಟ್ಟಳೆಯೊಳಗೆ ದುಡಿಯುವ ಒಂದು ಕಂಪೆನಿ. ವಿದ್ಯುತ್ ಕಂಪೆನಿಯನ್ನು ಅದರದೇ ಹಿಂದಿನ ವರ್ಷಗಳೊಡನೆ, ಅದರದೇ ಜಾತಿಯ ಇತರ ಕಂಪೆನಿಗಳೊಡನೆ, ಮತ್ತು ಹಣದುಬ್ಬರ ಕಳೆದ ಬಾಂಡಿನ ಪ್ರತಿಫಲದೊಡನೆ ಹೋಲಿಸಬೇಕು.

ನಮ್ಮ ಲೆಕ್ಕ ಹೇಳಿದ್ದು ಇಷ್ಟು: 2025ರ ಮಾರ್ಚ್‌ನ ಬೆಲೆಗೆ ಕೊಂಡವರು, ಎಲ್ಲವೂ ಸುಸೂತ್ರವಾಗಿ ನಡೆದರೆ, ಹಣದುಬ್ಬರವನ್ನು ಮೀರಿ ವರ್ಷಕ್ಕೆ ಶೇಕಡಾ 5ರ ಸುಮಾರು ನಿರೀಕ್ಷಿಸಬಹುದಿತ್ತು, ಸುಸೂತ್ರವಾಗದಿದ್ದರೆ ಹಣದುಬ್ಬರದಷ್ಟೂ ಸಿಗದೆ ಇರಬಹುದಿತ್ತು. ಇದು ಕೊಳ್ಳೆಯೂ ಅಲ್ಲ, ಮೋಸವೂ ಅಲ್ಲ. ಬೆಲೆ ಬದಲಾದಾಗ, ಹೊಸ ವರ್ಷದ ಲಾಭ ಪ್ರಕಟವಾದಾಗ, ಪಟ್ಟಿಯ ಮೇಲಿನ ಒಂದು ಸಾಲು ತೆಗೆದು ಕೆಳಗೆ ಒಂದು ಸಾಲು ಸೇರಿಸಿ ತಾವೇ ಮತ್ತೆ ಲೆಕ್ಕ ಹಾಕಬಹುದು. ಲಾಭದ ಅಂಕಿ ಕಂಪೆನಿಯ ವಾರ್ಷಿಕ ವರದಿಯಲ್ಲಿದೆ. ಬೆಲೆ ಸೂಚ್ಯಂಕವನ್ನು ಸರ್ಕಾರ ತಿಂಗಳು ತಿಂಗಳು ಪ್ರಕಟಿಸುತ್ತದೆ. ಅರ್ಧ ಗಂಟೆಯ ಕೆಲಸ.

ಇನ್ನೊಂದು ಮಾತನ್ನು ಕಿರಿಯನಾದ ನಾನು ಸಂಕೋಚದಿಂದಲೇ ಹೇಳುತ್ತೇನೆ. ಮೇಷ್ಟ್ರೇ, ತಿಂಗಳ ಖರ್ಚಿಗೆ ಬೇಕಾದ ಹಣವನ್ನು ಈ ಲೆಕ್ಕದೊಳಗೆ ತರಬೇಡಿ. 3.1ರ ಲಾಭಾಂಶ 2025ರ ಮಾರ್ಚ್‌ನಲ್ಲಿ ಬ್ಯಾಂಕಿನ ನಿಶ್ಚಿತ ಠೇವಣಿಯ ಬಡ್ಡಿಯ ಅರ್ಧದಷ್ಟೂ ಆಗುತ್ತಿರಲಿಲ್ಲ. ಉಳಿದ ಪ್ರತಿಫಲ ಬರುವುದು ಬೆಳವಣಿಗೆಯಿಂದ, ಅದೂ ವರ್ಷಗಳ ಮೇಲೆ. ಔಷಧಿ ಅಂಗಡಿಯವನು ಅಷ್ಟು ಕಾಲ ಕಾಯುವುದಿಲ್ಲ. ಹತ್ತು ವರ್ಷ ಮುಟ್ಟದೆ ಇರಬಹುದಾದ ಹಣವಿದ್ದರೆ ಮಾತ್ರ ಹತ್ತು ವರ್ಷದ ತಕ್ಕಡಿ ಹಿಡಿಯುವುದರಲ್ಲಿ ಅರ್ಥವಿದೆ.